ಸೀರೆ ಬ್ಯಾರೆ, ಅವ್ವ ಅವಳೇ

“ರಾತ್ರಿ ನಿಮ್ಮವ್ವನ್ನ ಸಾಯ್ಸ್‌ಬುಟ್ರಲ್ಲವ್ವಾ!”

ಮಾಂಬಳ್ಳಿಯಲ್ಲಿ ಬಸ್ಸು ಹತ್ತಿದ ಶಿವಮ್ಮ ಕಂಬಿ ಹಿಡಿಯುವ ಮೊದಲೇ ಇದನ್ನು ಎಷ್ಟು ಜೋರಾಗಿ ಹೇಳಿದಳೆಂದರೆ, ಹಿಂದಿನ ಸೀಟಿನಲ್ಲಿದ್ದ ಗಂಡ ಹೆಂಡತಿ ಗಾಬರಿಯಾಗಿ ಮೋನಿಕಾಳ ಮುಖ ನೋಡಿದರು. ಮೋನಿಕಾ ಪಕ್ಕದ ಜಾಗದಲ್ಲಿ ಇಟ್ಟಿದ್ದ ಬ್ಯಾಗು ತೆಗೆದು, “ನೋಡ್ದೆ ಕಣಕ್ಕ,” ಎಂದಳು. ಹಿಂದೆ ತಿರುಗಿ, “ಸೀರಿಯಲ್ಲಲ್ಲಿ,” ಎಂದು ಅವರಿಗೂ ಸಮಾಧಾನ ಹೇಳಿದಳು.

ಮೋನಿಕಾ ಯಳಂದೂರಿನ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಶಿವಮ್ಮ ಅಲ್ಲೇ ಆಯಾ. ಕೊಳ್ಳೇಗಾಲದಿಂದ ಬರುವ ಮೋನಿಕಾ ಶಿವಮ್ಮನಿಗೆ ಜಾಗ ಹಿಡಿದಿಡುವುದು, ಶಿವಮ್ಮ ಹಿಂದಿನ ದಿನದ ಧಾರಾವಾಹಿಯ ಕತೆ ಒಪ್ಪಿಸುವುದು ಅವರಿಬ್ಬರ ನಡುವೆ ವರ್ಷಗಳಿಂದ ನಡೆದುಬಂದಿತ್ತು. ಆ ಧಾರಾವಾಹಿಯಲ್ಲಿ ನಾಯಕನ ತಾಯಿಯಾಗಿದ್ದ ಚೌಡೇಶ್ವರಿ ಮೋನಿಕಾಳನ್ನು ಹೆತ್ತವಳು. ನಿನ್ನೆ ಅವಳನ್ನು ಮೆಟ್ಟಿಲಿನಿಂದ ಉರುಳಿಸಿ, ಫೋಟೋಗೆ ಹಾರ ಹಾಕಿ ಮುಗಿಸಿದ್ದರು.

“ಒಂದ್ ಮಾತು ಏಳ್ತೀನಿ, ಬ್ಯಾಸರ ಮಾಡ್ಕಬ್ಯಾಡ,” ಎಂದಳು ಶಿವಮ್ಮ, ಕೂತು ಸೆರಗು ಸರಿಮಾಡಿಕೊಳ್ಳುತ್ತಾ. “ನಿಮ್ಮವ್ವ ಚೆಂದಾಗೇ ಮಾಡ್ತರೆ. ಅವ್ರು ಅತ್ರೆ ನಮ್ಗೂ ಅಳು ಬತ್ತದೆ. ಆದ್ರೆ ಆ ಸೀರಿಯಲ್‌ನಾಗೂ ಅಂಗೇಯ, ಈ ಸೀರಿಯಲ್‌ನಾಗೂ ಅಂಗೇಯ. ಸೀರೆ ಬ್ಯಾರೆ, ಅವ್ವ ಅವಳೇಯ. ಮಗ ಬಾಗ್ಲು ದಾಟ್ದ ಅಂದ್ರೆ ಸಾಕು, ನಮ್ಮನೆ ಮಕ್ಳೇ ಮೊದ್ಲು ಏಳ್ಬುಡ್ತವೆ, ‘ಇರು’ ಅಂತರೆ ನೋಡೀಗ ಅಂತ.”

ಮೋನಿಕಾ ನಕ್ಕಳು. ನಗದೆ ಬೇರೆ ದಾರಿಯಿರಲಿಲ್ಲ. ಶಿವಮ್ಮ ಹೇಳಿದ್ದು ಸುಳ್ಳಲ್ಲ. ಚೌಡೇಶ್ವರಿ ಬಡವರ ಮನೆಯ ತಾಯಿಯಾಗಲಿ, ಬಂಗಲೆಯ ತಾಯಿಯಾಗಲಿ, ಮಗ ಕೆಲಸಕ್ಕೆ ಹೊರಡಲಿ, ಮಗಳು ಗಂಡನ ಮನೆಗೆ ಹೊರಡಲಿ, ಅವರು ಹೊಸಿಲು ದಾಟಿ ಎರಡು ಹೆಜ್ಜೆ ಹೋದ ಮೇಲೆ “ಇರು” ಎಂದು ಕರೆಯುತ್ತಿದ್ದಳು. ಅವರು ತಿರುಗಿ ನಿಲ್ಲುತ್ತಿದ್ದರು. ಇವಳು ಹತ್ತಿರ ಹೋಗಿ ಅವರ ಕೆನ್ನೆಯ ಮೇಲೆ ಇಲ್ಲದ ಏನನ್ನೋ ಸೆರಗಿನ ತುದಿಯಿಂದ ಒರೆಸಿ, ಹೇಳಲು ಏನೂ ಇಲ್ಲದೆ, “ಹೂಂ, ಹೋಗು,” ಎನ್ನುತ್ತಿದ್ದಳು. ಮೊದಲ ಸಲ ಅದನ್ನು ನೋಡಿದಾಗ ಜನ ಕಣ್ಣೀರಿಟ್ಟಿದ್ದರು. ಈಚೆಗೆ ಯಾರೋ ಅವಳ ನಾಲ್ಕು ಧಾರಾವಾಹಿಗಳಿಂದ ಆ ತುಣುಕುಗಳನ್ನೇ ಕತ್ತರಿಸಿ, ಒಂದರ ಪಕ್ಕ ಒಂದು ಜೋಡಿಸಿ, ಹಿಂದೆ ಕೋಳಿ ಕೂಗುವ ಸದ್ದು ಹಾಕಿ ಮೊಬೈಲಿನಲ್ಲಿ ಹರಿಯಬಿಟ್ಟಿದ್ದರು. ಲ್ಯಾಬಿನ ಹುಡುಗನೊಬ್ಬ, ಅದು ಯಾರ ಅಮ್ಮನೆಂದು ಗೊತ್ತಿಲ್ಲದೆ, ಮೋನಿಕಾಳಿಗೇ ಅದನ್ನು ಕಳಿಸಿದ್ದ.

ಅವಳು ಅದನ್ನು ಊಟದ ಹೊತ್ತಿನಲ್ಲಿ ಸದ್ದು ತೆಗೆದು ಮತ್ತೆ ಮತ್ತೆ ನೋಡಿದ್ದಳು. ನಾಲ್ಕು ಚೌಕಗಳಲ್ಲಿ ನಾಲ್ವರು ಅವ್ವಂದಿರು ಒಟ್ಟಿಗೆ ಕೈ ಎತ್ತಿ, ನಾಲ್ಕು ಮಕ್ಕಳ ಕೆನ್ನೆ ಒರೆಸುತ್ತಿದ್ದರು. ನಾಲ್ವರೂ ಮೋನಿಕಾಳಿಗೆ ಏನೂ ಆಗಬೇಕಾಗಿಲ್ಲದ ಮಕ್ಕಳು.

ಚಿಕ್ಕವಳಿದ್ದಾಗ, ಮನೆಯಲ್ಲಿ ಟೀವಿ ಇಲ್ಲದ ಕಾಲಕ್ಕೆ, ಅವಳು ಬೀದಿಯ ತುದಿಯ ಮನೆಗೆ ಓಡುತ್ತಿದ್ದಳು. ದೇವಾಂಗದ ಬೀದಿಯ ಎಲ್ಲ ಮನೆಗಳಂತೆ ಅಲ್ಲೂ ಒಳಗೆ ಮಗ್ಗದ ಸದ್ದು. ಟೀವಿಯ ಮಾತು ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಆದರೆ ಅಮ್ಮ “ಇರು” ಎಂದಾಗ ಹುಡುಗಿ ಎದ್ದು ಟೀವಿಯ ಹತ್ತಿರ ಹೋಗಿ, ಗಾಜಿಗೆ ಮುಖ ತಾಗುವಷ್ಟು ಹತ್ತಿರ ನಿಲ್ಲುತ್ತಿದ್ದಳು. ಹಿಂದಿನವರು ಬೈಯುತ್ತಿದ್ದರು: “ಸರಿಯೇ ಮೋನೀ, ಕಾಣಕಿಲ್ಲ!”

ಅವಳಪ್ಪ ನಾಗರಾಜು ನೇಕಾರ. ಮಗಳಿಗೆ ನಡೆಯಲು ಬರುವ ಮೊದಲೇ ಕಾಮಾಲೆಯಲ್ಲಿ ತೀರಿಕೊಂಡಿದ್ದ. ಚೌಡೇಶ್ವರಿ ತೌರಿಗೆ ಬಂದು ರೇಷ್ಮೆ ನೂಲು ಸುತ್ತುತ್ತಿದ್ದಳು. ಊರಿಗೆ ಡೇರೆ ಹಾಕಿದ ನಾಟಕ ಕಂಪನಿಯಲ್ಲಿ ಯಾರಿಗೋ ಜ್ವರ ಬಂದು, ಶಾಲೆಯಲ್ಲಿ ಪಾರ್ಟು ಮಾಡಿದ್ದ ಇವಳನ್ನು ಕರೆದಿದ್ದರು. ಕಂಪನಿ ಡೇರೆ ಕಿತ್ತಾಗ ಅವಳೂ ಜೊತೆಗೆ ಹೋದಳು. ಆಮೇಲೆ ಬೆಂಗಳೂರು, ಧಾರಾವಾಹಿ. ಮೋನಿಕಾ ಬೆಳೆದದ್ದು ಅಜ್ಜಿ ರಾಮಮ್ಮನ ಕೈಯಲ್ಲಿ. ಅಮ್ಮ ವರ್ಷಕ್ಕೊಂದೆರಡು ಸಲ ಬರುತ್ತಿದ್ದಳು, ಬಟ್ಟೆ ತರುತ್ತಿದ್ದಳು, ಹಣ ಕಳಿಸುತ್ತಿದ್ದಳು. ನೆಂಟರ ಮನೆಗೆ ಬಂದವಳಂತೆ ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದಳು. ಹೊರಡುವಾಗ ಗಡಿಯಾರ ನೋಡಿಕೊಂಡು ಸರಸರನೆ ನಡೆದುಬಿಡುತ್ತಿದ್ದಳು. ತಿರುಗಿ ನೋಡುತ್ತಿರಲಿಲ್ಲ. ಮೋನಿಕಾ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಏನನ್ನು ಕಾಯುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೆಟ್ಟಿಲಿನಿಂದ ಬಿದ್ದು ಸತ್ತ ಮೇಲೆ ಚೌಡೇಶ್ವರಿಯನ್ನು ಹೊಸ ಪಾತ್ರಕ್ಕೆ ಕರೆದು ಯಾರೂ ಫೋನು ಮಾಡಲಿಲ್ಲ. ಬೇಸಿಗೆ ಹೀಗೇ ಕಳೆಯಿತು. ಆಮೇಲೊಂದು ದಿನ ಅವಳೇ ಮಗಳಿಗೆ ಫೋನು ಮಾಡಿ, ಹನೂರಿನ ಹುಡುಗನೊಬ್ಬ ಸಿನಿಮಾ ಮಾಡುತ್ತಿದ್ದಾನೆ, ಲೊಕ್ಕನಹಳ್ಳಿಯಲ್ಲಿ ಶೂಟಿಂಗು, ಅಷ್ಟು ದಿನವೂ ಮನೆಯಲ್ಲೇ ಇರುತ್ತೇನೆ ಎಂದಳು. “ನಿಂಗೇನೂ ತೊಂದ್ರೆ ಆಗಲ್ಲ ತಾನೆ?” ಎಂದು ಕೇಳಿದಳು. ಮೋನಿಕಾಳಿಗೆ ಆ ಪ್ರಶ್ನೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಬಂದ ಅಮ್ಮ ಟೀವಿಯ ಅಮ್ಮನಂತೆ ಇರಲಿಲ್ಲ. ಅವಳಿಗೆ ಕಾಫಿ ಮಾಡಲು ಬರುತ್ತಿತ್ತು, ಅಡಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಪ್ರತಿ ಸಲ ಕೇಳುತ್ತಿದ್ದಳು. ಬೆಳಿಗ್ಗೆ ಕಾರು ಬರುತ್ತಿತ್ತು, ಸಂಜೆ ದೂಳು ತುಂಬಿಕೊಂಡು ವಾಪಸು ತಂದು ಬಿಡುತ್ತಿತ್ತು. ರಾಮಮ್ಮ ಮಗಳಿಗೆ ನೀರು ಕಾಯಿಸಿಡುತ್ತಿದ್ದಳೇ ಹೊರತು ಮಾತು ಅಷ್ಟಕ್ಕಷ್ಟೇ. ಮೋನಿಕಾ ಅಮ್ಮನ ಬಟ್ಟೆ ಮಡಚುತ್ತಾ, ಆ ಸೆರಗುಗಳ ವಾಸನೆ ನೋಡುತ್ತಾ, ಮೂವತ್ತು ದಾಟಿದ ತನ್ನ ವಯಸ್ಸಿಗೆ ತಾನೇ ನಾಚುತ್ತಿದ್ದಳು.

ಭಾನುವಾರ ಅಮ್ಮನ ಜೊತೆ ಅವಳೂ ಕಾರು ಹತ್ತಿದಳು. ಹನೂರಿನಲ್ಲಿ ನಿರ್ದೇಶಕ ಚರಣ್ ಹತ್ತಿಕೊಂಡ. ಗಡ್ಡ ಬಿಟ್ಟ, ಮೆತ್ತಗೆ ಮಾತಾಡುವ ಹುಡುಗ. ದಾರಿಯುದ್ದಕ್ಕೂ ಆ ದಿನದ ದೃಶ್ಯವನ್ನು ಹೇಳುತ್ತಾ ಬಂದ. ಕಾಡಂಚಿನ ಊರಿನ ಹೆಂಗಸು. ಮಗ ಅವಳನ್ನು ಕೇಳದೆ ಎತ್ತು ಮಾರಿ ತಿರುಪ್ಪೂರಿನ ಗಾರ್ಮೆಂಟ್ಸಿಗೆ ಹೊರಟಿದ್ದಾನೆ. ಅವಳು ಒಳಗೆ ಗೋಡೆಯ ಕಡೆ ಮುಖ ಮಾಡಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಳೆ. ಮಗ ‘ಓಯ್ತೀನವ್ವ’ ಎನ್ನುತ್ತಾನೆ. ಅವಳು ತಿರುಗುವುದಿಲ್ಲ.

“ಅಷ್ಟೇನಾ?” ಎಂದಳು ಚೌಡೇಶ್ವರಿ.

“ಅಷ್ಟೇ ಅಮ್ಮ. ಅದೇ ನಮ್ ಪಿಚ್ಚರ್ರು.”

ಲೊಕ್ಕನಹಳ್ಳಿಯ ಹೊರಗೆ, ಆನೆ ಬಾರದಿರಲೆಂದು ಸುತ್ತ ತಂತಿ ಎಳೆದ ಹೊಲದ ಪಕ್ಕ, ಒಂದು ಹೆಂಚಿನ ಮನೆಯಲ್ಲಿ ಕ್ಯಾಮೆರಾ ಇಟ್ಟಿದ್ದರು. ಮೋನಿಕಾ ಹಿತ್ತಲ ಕಿಟಕಿಯ ಹತ್ತಿರ ನಿಂತಳು. ಮಗನ ಪಾತ್ರದವನು ಬಂದು ‘ಓಯ್ತೀನವ್ವ’ ಎಂದ. ಚೌಡೇಶ್ವರಿಯ ಕೈ ಅವರೆಕಾಯಿಯ ಮೇಲೇ ಇತ್ತು. ಅವನು ಹೊಸಿಲು ದಾಟಿದ. ಆಗ ಅವಳ ಭುಜ ತಿರುಗಿತು. “ಇರು,” ಎಂದಳು.

“ಕಟ್! ಅಮ್ಮ, ತಿರುಗ್ಬಾರ್ದು.”

ಮತ್ತೆ ಮಾಡಿದರು. ಈ ಸಲ ಅವಳು ಬಾಯಿ ಬಿಡಲಿಲ್ಲ, ಆದರೆ ಕೈ ಸೆರಗಿಗೆ ಹೋಯಿತು. ಮತ್ತೆ ಮಾಡಿದರು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ ಕೂರಿಸಿದರು, ತಿರುಗಿದ್ದು ಕತ್ತು. ಬಿಸಿಲು ಮೇಲೇರಿ ಕಿಟಕಿಯ ಬೆಳಕು ಬದಲಾಯಿತು. ಕ್ಯಾಮೆರಾದವನು ಹೊರಗೆ ಬಂದು ಬೀಡಿ ಹಚ್ಚಿ, ಪಕ್ಕದವನಿಗೆ, “ಆ ವೀಡಿಯೋ ನೋಡಿದ್ರೂ ಇವ್ರನ್ನೇ ಕರ್ಕಂಡ್ ಬಂದವ್ನಲ್ಲ,” ಎಂದ. ಮೋನಿಕಾ ಅಲ್ಲೇ ನಿಂತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ.

ಚರಣ್ ಮಾತ್ರ ಸಿಟ್ಟಾಗಲಿಲ್ಲ. ಚೌಡೇಶ್ವರಿಯ ಎದುರು ಕುಕ್ಕರುಗಾಲಲ್ಲಿ ಕೂತು, “ಅಮ್ಮ, ನೀವು ಎಲ್ಲಾದ್ರಲ್ಲೂ ಮಾಡೋದು ಒಬ್ಬಳೇ ಅವ್ವನ್ನ. ತಪ್ಪು ಅಂತಲ್ಲ. ಚಿಕ್ಕೋನಾಗಿದ್ದಾಗ ನಾನೂ ಅತ್ತಿದೀನಿ ಅದನ್ನ ನೋಡಿ. ಆದ್ರೆ ಈ ಹೆಂಗ್ಸು ಬ್ಯಾರೆ. ಇವ್ಳು ಕರಿಯಲ್ಲ. ಜೀವ ಹೋದ್ರೂ ಕರಿಯಲ್ಲ. ನಾಳೆ ಮಾಡಣ, ಇವತ್ತು ಬ್ಯಾಡ,” ಎಂದ.

ಮಧ್ಯಾಹ್ನ ಹುಣಸೆಮರದ ಕೆಳಗೆ ಊಟಕ್ಕೆ ಕೂತಾಗ ಚೌಡೇಶ್ವರಿ ಎಲೆಯ ಅನ್ನವನ್ನು ಬೆರಳಲ್ಲಿ ಅತ್ತಿತ್ತ ಸರಿಸುತ್ತಿದ್ದಳು.

“ನಂಗ್ ಬರಲ್ಲ ಮೋನಿ,” ಎಂದಳು. “ಬೇರೇದು ನಂಗ್ ಬರಲ್ಲ.”

ಮೋನಿಕಾ ಎಷ್ಟೋ ವರ್ಷ ನುಂಗಿಕೊಂಡಿದ್ದನ್ನು ಕೇಳಿಬಿಟ್ಟಳು. “ಆ ‘ಇರು’ ಅನ್ನೋದನ್ನ ಎಲ್ಲಿ ಕಲ್ತೆ ನೀನು? ನಂಗಂತೂ ಒಂದಿನಾನೂ ಮಾಡ್ಲಿಲ್ಲ.”

ಚೌಡೇಶ್ವರಿ ತಲೆಯೆತ್ತಿದಳು. ಅವಳ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. “ಮಾಡ್ಲಿಲ್ವಾ? ನಿಂಗೇ ಕಣೇ ಮಾಡಿದ್ದು! ಕಂಪನಿ ಜೊತೆ ನಾನು ಹೊರಟ ದಿನ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಲ್ಲಿ. ಅಜ್ಜಿ ನಿನ್ನ ಎತ್ಕಂಡು ವಾಪಸ್ ಹೊರಟಿತ್ತು. ನಾನು ‘ಇರವ್ವ’ ಅಂತ ಕೂಗಿ, ಓಡಿ ಬಂದು… ನಿನ್ ಕೆನ್ನೆ ಮೇಲೆ ಬೆಲ್ಲ ಮೆತ್ಕಂಡಿತ್ತು. ಒರೆಸ್ದೆ. ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಆಮೇಲೆ ಯಾವ ಮಗ, ಯಾವ ಮಗಳು ಎದುರಿಗೆ ಬಂದ್ರೂ ನಂಗೆ ಕಾಣ್ಸೋದು ಅದೇ ಮುಖ. ಬೇರೆ ತರ ಹೆಂಗೆ ಮಾಡ್ಲಿ?”

ಮೋನಿಕಾ ನೆನಪಿಸಿಕೊಳ್ಳಲು ನೋಡಿದಳು. ಅವಳಿಗೆ ಏನೂ ನೆನಪಾಗಲಿಲ್ಲ. ಆದರೆ ಕೆನ್ನೆ ಬಿಸಿಯಾಯಿತು. ಹಿಂದಿರುಗುವ ದಾರಿಯಲ್ಲಿ ಕಾರಿನ ಕಿಟಕಿಗೆ ತಲೆಯಿಟ್ಟು ಅವಳು ಆ ಬಸ್ ಸ್ಟ್ಯಾಂಡನ್ನು ಕಟ್ಟಿಕೊಂಡಳು: ಅಜ್ಜಿಯ ಸೊಂಟ, ಬಸ್ಸಿನ ಹೊಗೆ, ಓಡಿಬರುವ ಅಮ್ಮ, ಬೆಲ್ಲ. ಹಾಗಾದರೆ ಊರೆಲ್ಲ ನಕ್ಕ ಆ ಒಂದೇ ಪಾತ್ರ ತನ್ನ ಪಾಲಿನದು. ಟೀವಿಯ ಗಾಜಿಗೆ ಮುಖ ಒಡ್ಡಿ ನಿಂತದ್ದು ತಪ್ಪಾಗಿರಲಿಲ್ಲ. ಸರಿಯಾದ ಜಾಗದಲ್ಲೇ ನಿಂತಿದ್ದಳು.

ಮನೆಗೆ ಬಂದವಳೇ, ಅಮ್ಮ ಬಚ್ಚಲಿಗೆ ಹೋದಾಗ, ಅಜ್ಜಿಯ ಹತ್ತಿರ ಕೂತಳು. ರಾಮಮ್ಮನ ಕಣ್ಣು ಮಬ್ಬಾಗಿದ್ದರೂ ಕೈ ಇನ್ನೂ ನೂಲಿನ ಗಂಟು ಬಿಡಿಸುತ್ತಿತ್ತು.

“ಅಜ್ಜಿ, ಅಮ್ಮ ಕಂಪನಿ ಜೊತೆ ಓದಾಗ ನನ್ನ ಬಸ್ ಸ್ಟ್ಯಾಂಡಿಗೆ ಎತ್ಕಂಡ್ ಓಗಿದ್ದಲ್ಲ, ನನ್ ಕೆನ್ನೇಲಿ ಬೆಲ್ಲ ಇತ್ತಾ?”

“ಯಾವ ಬಸ್ ಸ್ಟ್ಯಾಂಡು?” ಎಂದಳು ರಾಮಮ್ಮ. “ನಿಂಗೆ ಮೈಯೆಲ್ಲ ಸುಡ್ತಿತ್ತು. ಮದ್ದು ಕುಡಿಸಿ ಮಲಗ್ಸಿದ್ದೆ. ಎದ್ದಿದ್ರೆ ಅವ್ಳನ್ನ ಬುಡ್ತಿದ್ಯಾ ನೀನು? ನಾನೇ ಅಂದೆ, ಎದ್ದೇಳಕ್ ಮೊದ್ಲು ಓಗ್ಬುಡು ಅಂತ. ಚಪ್ಲಿ ಕೈಲಿ ಇಡ್ಕಂಡು ಬೀದಿ ತುದೀವರ್ಗೂ ಓದ್ಲು, ಸದ್ದಾದಾತು ಅಂತ. ಬಾಗ್ಲತಾವ ಒಂದ್ಗಳಿಗೆ ನಿಂತಿದ್ಲು. ನಾನೇ ಕೈ ಮಾಡ್ದೆ, ನಡಿ ನಡಿ ಅಂತ.” ಆಮೇಲೆ ಕೋಪ ಬಂದಾಗ ಮಾತ್ರ ಆಡುವ ತನ್ನ ತೌರಿನ ತೆಲುಗಿನಲ್ಲಿ ತನ್ನಷ್ಟಕ್ಕೆ ಏನೋ ಗೊಣಗಿದಳು. ಕೋಪ ಯಾರ ಮೇಲೆಂದು ಹೇಳುವುದು ಕಷ್ಟವಿತ್ತು.

ಮೋನಿಕಾ ಅಲ್ಲಿಂದ ಎದ್ದು ಹಿತ್ತಲಿಗೆ ಹೋದಳು. ಮಧ್ಯಾಹ್ನ ಕೈಗೆ ಬಂದದ್ದು ಸಂಜೆಗೆ ಹೋಗಿತ್ತು. ಅಮ್ಮ ಸುಳ್ಳು ಹೇಳಿದಳೆಂದು ಸಿಟ್ಟು ಮಾಡಿಕೊಳ್ಳಲು ನೋಡಿದಳು; ಆದರೆ ಹುಣಸೆಮರದ ಕೆಳಗೆ ಅಮ್ಮನ ಕಣ್ಣಲ್ಲಿ ಸುಳ್ಳು ಇರಲಿಲ್ಲ. ಅದೇ ಅವಳನ್ನು ಹೆಚ್ಚು ನೋಯಿಸಿತು.

ಮರುದಿನ ಅವಳು ಆಸ್ಪತ್ರೆಗೆ ರಜೆ ಹೇಳಿದಳು. ಕಾರು ಬರುವ ಮೊದಲು ಅಮ್ಮ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದಾಗ ಹಿಂದೆ ನಿಂತು, “ಅಮ್ಮ, ಬಸ್ ಸ್ಟ್ಯಾಂಡಿಗೆ ನಾನು ಬಂದೇ ಇರ್ಲಿಲ್ವಂತೆ. ಜ್ವರ ಬಂದು ಮಲಗಿದ್ನಂತೆ,” ಎಂದಳು. ದನಿಯಲ್ಲಿ ಸಿಟ್ಟು ತರಲಿಲ್ಲ. ವರದಿ ಓದುವಂತೆ ಹೇಳಿದಳು.

ಚೌಡೇಶ್ವರಿಯ ಬಾಚಣಿಗೆ ಅಲ್ಲೇ ನಿಂತಿತು. ಅವಳು ಕನ್ನಡಿಯಲ್ಲಿ ಮಗಳ ಕಡೆ ನೋಡಲಿಲ್ಲ, ತನ್ನ ಕಡೆಯೂ ನೋಡಲಿಲ್ಲ.

“ಜ್ವರ,” ಎಂದಳು. “ಹೌದು. ಹಣೆ ಮೇಲೆ ಒದ್ದೆ ಬಟ್ಟೆ ಇತ್ತು.” ಬಾಚಣಿಗೆಗೆ ಸಿಕ್ಕಿದ್ದ ಕೂದಲು ಬಿಡಿಸಿದಳು. “ನಾನು ಬೇಕು ಅಂತ ಸುಳ್ಳು ಹೇಳ್ಲಿಲ್ಲ ಮೋನಿ. ಮೊದಲ್ನೇ ಸಲ ಕ್ಯಾಮೆರಾ ಮುಂದೆ ಹಂಗೆ ಮಾಡ್ದಾಗ, ಆವತ್ತು ಇಷ್ಟಾದ್ರೂ ಮಾಡ್ಬೋದಿತ್ತು ಅಂತ ಮಾಡ್ದೆ. ಆಮೇಲೆ ಎಷ್ಟು ಸಲ ಮಾಡ್ದೆ ಅಂದ್ರೆ… ನಡೆದಿದ್ದೇ ಹಂಗೆ ಅಂತ ಆಗೋಯ್ತು. ಬೆಲ್ಲ ಎಲ್ಲಿಂದ ಬಂತೋ ನಂಗೇ ಗೊತ್ತಿಲ್ಲ.”

ಹೊರಗೆ ಕಾರಿನ ಹಾರನ್ ಕೇಳಿತು. ಮೋನಿಕಾ ಅಮ್ಮನ ಕೈಯಿಂದ ಬಾಚಣಿಗೆ ತೆಗೆದುಕೊಂಡು, ಅರ್ಧ ಬಾಚಿದ್ದ ಕೂದಲನ್ನು ತಾನೇ ಬಾಚಿ ಗಂಟು ಹಾಕಿದಳು. ಅಮ್ಮನ ತಲೆ ಮುಟ್ಟಿದ್ದು ಅದೇ ಮೊದಲಿರಬೇಕು. ಕೂದಲು ಅವಳಂದುಕೊಂಡದ್ದಕ್ಕಿಂತ ತೆಳುವಾಗಿತ್ತು.

ಆ ದಿನ ದೃಶ್ಯ ಒಂದೇ ಸಲಕ್ಕೆ ಮುಗಿಯಿತು. ಚೌಡೇಶ್ವರಿ ಗೋಡೆಗೆ ಮುಖ ಮಾಡಿ ಅವರೆಕಾಯಿ ಬಿಡಿಸುತ್ತಾ ಕೂತಳು. ಹುಡುಗ ‘ಓಯ್ತೀನವ್ವ’ ಎಂದ. ಅವಳ ಹೆಬ್ಬೆರಳು ಕಾಯಿಯ ಹೊಟ್ಟೆಯಲ್ಲೇ ನಿಂತಿತು. ಅವನ ಹೆಜ್ಜೆ ಅಂಗಳ ದಾಟಿತು, ಬೇಲಿ ದಾಟಿತು. ಅವಳ ಬೆನ್ನು ಅಲ್ಲಾಡಲಿಲ್ಲ. ಬಹಳ ಹೊತ್ತಾದ ಮೇಲೆ ಬೆರಳು ಮತ್ತೆ ಕಾಯಿ ಬಿಡಿಸತೊಡಗಿತು, ಕಾಳು ಬುಟ್ಟಿಗೆ ಬೀಳದೆ ಹೊರಗೆ ಉರುಳಿತು. ಅವಳು ಅದನ್ನು ಹೆಕ್ಕಲಿಲ್ಲ. ಚರಣ್ ಕಟ್ ಹೇಳುವುದನ್ನೇ ಮರೆತಿದ್ದ.

ಕಿಟಕಿಯ ಆಚೆ ಮೋನಿಕಾ ಸರಳು ಹಿಡಿದು ನಿಂತಿದ್ದಳು. ಜ್ವರದಲ್ಲಿ ಮಲಗಿದ್ದ ತನಗೆ ಆ ದಿನ ಕಾಣದೇ ಹೋದದ್ದು ಈಗ ಕಂಡಿತ್ತು: ಬಾಗಿಲಲ್ಲಿ ಒಂದು ಗಳಿಗೆ ನಿಂತ ಬೆನ್ನು. ಅದು ಅಭಿನಯವೆಂದು ಗೊತ್ತಿತ್ತು. ಆದರೂ ಕೊನೆಯವರೆಗೂ ಅವಳು ಆ ಒಂದು ಮಾತಿಗೆ ಕಾದಿದ್ದಳು. ಅಮ್ಮ ಕೊನೆಗೂ ಬೇರೆ ತರ ಮಾಡಿದ್ದಳು. ಮೋನಿಕಾಳಿಗೆ ಹಳೆಯದೇ ಬೇಕಿತ್ತು.

ಶೂಟಿಂಗು ಮುಗಿದು ಚೌಡೇಶ್ವರಿ ಬೆಂಗಳೂರಿಗೆ ಹೋದಳು. ಬೀಳ್ಕೊಡುವಾಗ ಇಬ್ಬರಿಗೂ ಎಲ್ಲಿ ಕೈಯಿಡಬೇಕೆಂದು ತಿಳಿಯದೆ, ಸೂಟ್‌ಕೇಸಿನ ಹಿಡಿಯನ್ನು ಇಬ್ಬರೂ ಹಿಡಿದುಕೊಂಡು ಬೀದಿಯ ತುದಿಯವರೆಗೆ ನಡೆದರು.

ಸಿನಿಮಾ ಮರುವರ್ಷ ಬಂತು. ಕೊಳ್ಳೇಗಾಲದ ಟಾಕೀಸಿನಲ್ಲಿ ಒಂದು ವಾರವೂ ನಿಲ್ಲಲಿಲ್ಲ. ಆದರೆ ಪತ್ರಿಕೆಯವರು ಹೊಗಳಿ ಬರೆದರು, ಚೌಡೇಶ್ವರಿಯ ಬೆನ್ನಿನ ಬಗ್ಗೆಯೇ ಒಬ್ಬರು ಒಂದು ಪ್ಯಾರಾ ಬರೆದರು. ಶಿವಮ್ಮ ಮಾಂಬಳ್ಳಿಯಿಂದ ಸೊಸೆಯನ್ನೂ ಕರೆದುಕೊಂಡು ಬಂದು ನೋಡಿದಳು. ಮರುದಿನ ಬಸ್ಸಿನಲ್ಲಿ ಅವಳ ಮುಖ ಸಪ್ಪೆಯಾಗಿತ್ತು.

“ಏನಕ್ಕ, ಚೆನ್ನಾಗಿರ್ಲಿಲ್ವಾ?”

“ಚೆನ್ನಾಗದೆ ಕಣವ್ವ. ಆದ್ರೆ ನಿಮ್ಮವ್ವ ಏನೂ ಮಾಡೇ ಇಲ್ವಲ್ಲ. ಈಗ ಕರಿತಾರೆ, ಈಗ ಕರಿತಾರೆ ಅಂತ ಕಾದೇ ಕಾದೆ. ಕರೀಲೇ ಇಲ್ಲ. ಮನೇಗ್ ಬಂದ್ರೂ ಅದೇ ಗ್ಯಾನ. ನಿದ್ದೇನೂ ಸರಿಯಾಗ್ ಬರ್ಲಿಲ್ಲ.” ಶಿವಮ್ಮ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತಾ ಕೂತಳು. “ಸುಮ್ನೆ ಆಡ್ಕಂಡ್ವಿ ನಾವು. ಅದು ಇದ್ದಿದ್ರೆ ಎಷ್ಟ್ ಚೆಂದಿರ್ತಿತ್ತು ಅನ್ಸ್ತು.”

ಮೋನಿಕಾ ಅವಳ ತೋಳಿಗೆ ತೋಳು ತಾಗಿಸಿ ಕೂತಳು.

ಆ ಸಂಜೆ ಅಮ್ಮ ಫೋನು ಮಾಡಿದಳು. ಹೊಸದೊಂದು ಕೆಲಸ ಸಿಕ್ಕಿದೆ, ಈ ಸಲ ತಾಯಿಯಲ್ಲ, ಚೀಟಿ ವ್ಯವಹಾರದ ಜಗಳಗಂಟಿ ಹೆಂಗಸು, ಬಾಯಿಗೆ ಬಂದ ಹಾಗೆ ಬೈಯಬೇಕು, ಮಜವಾಗಿದೆ ಎಂದಳು. ಮೋನಿಕಾ ನಕ್ಕಳು. ಮಾತು ಮುಗಿಯಿತು ಎನ್ನುವಾಗ ಇಬ್ಬರೂ ಫೋನು ಇಡಲಿಲ್ಲ.

“ರಜಾ ಸಿಕ್ರೆ ಬರ್ತೀಯಾ ಇಲ್ಲಿಗೆ?” ಎಂದಳು ಚೌಡೇಶ್ವರಿ. “ಒಂದೇ ರೂಮು. ನೀನು ನೋಡೇ ಇಲ್ಲ.”

“ಬರ್ತೀನಿ.”

“ನಿಂಗೆ ಊಟಕ್ಕೆ ಏನಿಷ್ಟ?” ಕೇಳಿದವಳೇ ತಡವರಿಸಿದಳು. “ನಂಗ್ ಗೊತ್ತಿಲ್ವಲ್ಲೇ. ಟೀವೀಲಿ ಎಷ್ಟು ಜನಕ್ಕೆ ತುತ್ತು ಮಾಡಿ ತಿನ್ಸಿದೀನಿ.”

ಮೋನಿಕಾ ಯೋಚಿಸಿದಳು. “ನುಗ್ಗೆಸೊಪ್ಪಿನ ಉಪ್ಪುಸಾರು,” ಎಂದಳು.

“ಅಯ್ಯೋ, ಅದು ನಂಗೆ ಮಾಡಕ್ ಬರಲ್ಲ.”

“ಸೊಪ್ಪು ನಾನೇ ತರ್ತೀನಿ ಕಣಮ್ಮ. ನಿಂತ್ಕಂಡು ನೋಡು, ಏಳ್ಕೊಡ್ತೀನಿ.”